ಬಾಡಿಗೆಯ ಕೋಣೆ, ಗೃಹಸ್ಥನ ಹೊಣೆ

ತುಮಕೂರಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯೂ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ಹೆದ್ದಾರಿಯೂ ಒಂದನ್ನೊಂದು ಹಾಯ್ದುಹೋಗುವ ಎಡೆಯೇ ಕಿಬ್ಬನಹಳ್ಳಿಯ ಕೂಡುರಸ್ತೆ. ಬಸ್ಸಿನವರ ಬಾಯಲ್ಲಿ ಇದು ಕೆ.ಬಿ. ಕ್ರಾಸ್. ನಾಲ್ಕು ದಿಕ್ಕಿನ ಜನರು ಇಲ್ಲಿ ಇಳಿಯುತ್ತಾರೆ. ನಾಲ್ಕು ದಿಕ್ಕಿಗೂ ಇಲ್ಲಿಂದ ಹತ್ತುತ್ತಾರೆ. ಹಿಂದಿನ ಕಾಲದಲ್ಲಿ ಹೀಗೆ ಇಳಿದವರು ಬಹುಮಟ್ಟಿಗೆ ಕೊಬ್ಬರಿಯ ವರ್ತಕರು, ಸಂತೆಗೆ ಬಂದವರು, ನೆಂಟರಿಷ್ಟರು. ಬಂದ ಕೆಲಸ ತೀರಿದೊಡನೆ ಹೊರಟುಹೋಗುವವರು. ಈಗಲಾದರೋ ಇಳಿಯುವವರಲ್ಲಿ ಅನೇಕರು ತಿಂಗಳುಗಟ್ಟಲೆ ನಿಲ್ಲುವುದಕ್ಕಾಗಿಯೇ ಬರುವವರು. ಶಾಲೆಯ ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರು, ತಿಪಟೂರಿನ ಕಾಲೇಜುಗಳಿಗೆ ಹೋಗುವ ವಿದ್ಯಾರ್ಥಿಗಳು, ರಸ್ತೆಯ ಕೆಲಸದ ಮೇಸ್ತ್ರಿಗಳು, ದೂರದ ಪ್ರಾಂತಗಳಿಂದ ಕೂಲಿಗೆ ಬಂದವರು, ಇವರೆಲ್ಲರಿಗೂ ತಲೆಯ ಮೇಲೊಂದು ಸೂರು ಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯು ೨೦೨೩ನೆಯ ಇಸವಿ ಫೆಬ್ರವರಿ ೬ರಂದು ಉದ್ಘಾಟನೆಯಾದ ತರುವಾಯ ಈ ಹೆದ್ದಾರಿಯ ಊರುಗಳ ಕಡೆಗೆ ಹೊರಗಿನವರ ದೃಷ್ಟಿ ಇನ್ನಷ್ಟು ಬೀಳುವುದು ಸಹಜವೇ ಆಗಿದೆ.

ಕೋಣೆಯನ್ನು ಕೇಳುವವರಿರುವಂತೆ ಕೊಡುವವರೂ ಇದ್ದಾರೆ. ಕೂಡುಕುಟುಂಬಗಳಿದ್ದ ಕಾಲದಲ್ಲಿ ಕಟ್ಟಿದ ವಿಶಾಲವಾದ ಮನೆಗಳಲ್ಲಿ ಈಗ ವೃದ್ಧ ದಂಪತಿಗಳಿಬ್ಬರೋ, ವಿಧವೆಯಾದ ತಾಯಿಯೊಬ್ಬಳೋ ಉಳಿದಿರುವುದನ್ನು ಈ ಸೀಮೆಯ ಯಾವ ಊರಿನಲ್ಲಿಯೂ ಕಾಣಬಹುದು. ಮಕ್ಕಳು ಬೆಂಗಳೂರಿನಲ್ಲಿ, ಹಬ್ಬಕ್ಕೆ ಬಂದರೆ ಬಂದರು. ತೋಟದ ಉತ್ಪತ್ತಿಯನ್ನು ನಂಬಿ ನಿಶ್ಚಿಂತೆಯಿಂದಿರೋಣವೆಂದರೆ ಕೊಬ್ಬರಿಯ ದರಕ್ಕೆ ನಿಲುಗಡೆಯಿಲ್ಲ. ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೧,೭೫೦ ರೂಪಾಯಿಗಳ ಬೆಂಬಲ ಬೆಲೆಯನ್ನು ಕೇಂದ್ರ ಸರ್ಕಾರದವರು ಗೊತ್ತುಮಾಡಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ನಿಂತು, ಬೆಳೆಗಾರರು ಬೀದಿಗಿಳಿಯಬೇಕಾಯಿತು. ೨೦೨೫ರಲ್ಲಿ ಅದೇ ಬೆಲೆ ಹಿಂದೆಂದೂ ಕಾಣದಷ್ಟು ಏರಿತೆಂಬುದೂ ನಿಜವೇ. ಆದರೆ ಏರಿದ ಕೊಬ್ಬರಿ ಇಳಿಯುವುದೆಂಬುದನ್ನು ಕಲ್ಪತರು ನಾಡಿನವರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ. ಹೀಗಿರುವಲ್ಲಿ ಬೀದಿಯ ಕಡೆಯ ಕೋಣೆಯೊಂದನ್ನು ಬಾಡಿಗೆಗೆ ಕೊಟ್ಟು, ತಿಂಗಳಿಗೊಮ್ಮೆ ತಪ್ಪದೆ ಬರುವ ಹಣದಿಂದ ಔಷಧದ ಖರ್ಚನ್ನೋ ವಿದ್ಯುತ್ತಿನ ಬಿಲ್ಲನ್ನೋ ತೂಗಿಸಿಕೊಳ್ಳಬೇಕೆಂದು ಮನೆಯವರು ಯೋಚಿಸಿದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಮನೆಯಲ್ಲಿ ಇನ್ನೊಂದು ದೀಪ ಉರಿಯುವುದೂ, ರಾತ್ರಿಯ ಹೊತ್ತು ಕೂಗಿದರೆ ಓಗೊಡುವವರೊಬ್ಬರಿರುವುದೂ ವೃದ್ಧರಿಗೆ ಒಂದು ಬಲವೇ ಸರಿ.

ಆದರೆ ಆ ಬಲವೇ ಅಪಾಯವಾಗದಂತೆ ನೋಡಿಕೊಳ್ಳುವ ಬಗೆ ಹೇಗೆ? ಈ ವಿಷಯದಲ್ಲಿ ನಮ್ಮ ಜನರು ಎರಡು ಅತಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಮುಖ ನೋಡಿ, ಮಾತು ಕೇಳಿ, ಮುಂಗಡ ಎಣಿಸಿಕೊಂಡು ಬೀಗದ ಕೈ ಕೊಟ್ಟುಬಿಡುತ್ತಾರೆ. ಮತ್ತೆ ಕೆಲವರು ಹೊರಗಿನವರ ಸಹವಾಸವೇ ಬೇಡವೆಂದು ಕದ ಮುಚ್ಚುತ್ತಾರೆ. ಇವೆರಡೂ ವಿವೇಕದ ಮಾರ್ಗಗಳಲ್ಲವೆಂದು ನಾವು ಭಾವಿಸುತ್ತೇವೆ.

ಅಟ್ಟದ ಕೆಳಗಿನ ಕೋಣೆ

ಈ ಸೀಮೆಯ ಮನೆಗೆ ಬೇರೆ ಸೀಮೆಗಳ ಮನೆಗಳಿಗಿಲ್ಲದ ಒಂದು ವಿಶೇಷವುಂಟು. ಬಲಿತ ಕಾಯನ್ನು ಕಿತ್ತು ತಂದು, ಸಿಪ್ಪೆ ಸುಲಿಯದೆ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡುವ ತನಕ ಸುಮಾರು ಹತ್ತು ಹನ್ನೊಂದು ತಿಂಗಳು ಕಾಯುವುದರಿಂದಲೇ ತಿಪಟೂರಿನ ಉಂಡೆ ಕೊಬ್ಬರಿಗೆ ಆ ರುಚಿಯೂ ಆ ಹೆಸರೂ ಬಂದಿರುವುದು. ಎಂದರೆ, ಬೆಳೆಗಾರನ ಇಡೀ ವರ್ಷದ ದುಡಿಮೆ ಬ್ಯಾಂಕಿನಲ್ಲಿಲ್ಲ, ಮಂಡಿಯಲ್ಲಿಲ್ಲ. ಅವನ ತಲೆಯ ಮೇಲಿನ ಅಟ್ಟದಲ್ಲಿದೆ. ಬಾಡಿಗೆಗೆ ಬಂದವನು ಮಲಗುವ ಕೋಣೆ ಅನೇಕ ಮನೆಗಳಲ್ಲಿ ಅದೇ ಅಟ್ಟದ ಕೆಳಗೆ. ಯಾವ ತಿಂಗಳಲ್ಲಿ ಕಾಯಿ ಏರಿಸಿದರು, ಯಾವಾಗ ಸುಲಿಸುತ್ತಾರೆ, ಕೊಬ್ಬರಿ ಮಾರಿದ ಹಣ ಯಾವ ದಿನ ಮನೆಗೆ ಬರುತ್ತದೆ, ಯಜಮಾನರು ಎಂದು ತೋಟಕ್ಕೆ ಹೋಗುತ್ತಾರೆ, ಯಜಮಾನಿ ಎಂದು ಮಗಳ ಮನೆಗೆ ಹೋಗುತ್ತಾರೆ ಎಂಬುದೆಲ್ಲವೂ ಒಂದೇ ಸೂರಿನ ಕೆಳಗಿರುವವನಿಗೆ ಕೇಳದೆಯೇ ತಿಳಿಯುತ್ತದೆ. ಬೆಂಗಳೂರಿನಲ್ಲಿ ಮಹಡಿಯ ಮೇಲಿನ ಬಿಡಾರವನ್ನು ಕೊಡುವವರಿಗೂ ಕಿಬ್ಬನಹಳ್ಳಿಯಲ್ಲಿ ನಡುಮನೆಯ ಪಕ್ಕದ ಕೋಣೆಯನ್ನು ಕೊಡುವವರಿಗೂ ಇರುವ ವ್ಯತ್ಯಾಸ ಇದು.

ಆದಕಾರಣ ಮೊದಲ ಎಚ್ಚರಿಕೆಯು ಬಂದವನ ವಿಷಯದ್ದಲ್ಲ, ಮನೆಯ ವಿಷಯದ್ದು. ಬಾಡಿಗೆಯ ಕೋಣೆಗೆ ಹೊರಗಿನಿಂದಲೇ ಬೇರೆ ಬಾಗಿಲಿರಬೇಕು. ಆ ಕೋಣೆಯಿಂದ ನಡುಮನೆಗಿರುವ ಬಾಗಿಲಿಗೆ ಮನೆಯವರ ಕಡೆಯಿಂದ ಅಗುಳಿ ಇರಬೇಕು. ಅಟ್ಟಕ್ಕೆ ಹತ್ತುವ ಏಣಿ ಮನೆಯವರ ಭಾಗದಲ್ಲಿರಬೇಕು. ಹಿಂದಿನ ಬಾಡಿಗೆದಾರ ಹೋದೊಡನೆ ಬೀಗವನ್ನು ಬದಲಾಯಿಸಬೇಕು. ಒಂದು ಕೀಲಿಗೆ ಜೋಡಿ ಮಾಡಿಸುವುದು ಪೇಟೆಯಲ್ಲಿ ಹತ್ತು ನಿಮಿಷದ ಕೆಲಸ. ಒಡವೆ, ಹೊಲದ ಪತ್ರ, ಕೊಬ್ಬರಿ ಮಾರಿದ ಹಣ ಇವನ್ನು ಬೀರುವಿನಲ್ಲಿಡುವ ಪದ್ಧತಿಯನ್ನು ಬಿಟ್ಟು ಬ್ಯಾಂಕಿಗೆ ಸಾಗಿಸಬೇಕು. ಅಂಗಳದಲ್ಲಿಯೂ ಅಟ್ಟದ ಬಾಯಲ್ಲಿಯೂ ರಾತ್ರಿಯೆಲ್ಲ ಒಂದೊಂದು ದೀಪ ಉರಿಯಲಿ. ಇಷ್ಟನ್ನು ಮಾಡಿದ ಮೇಲೆ ಬರುವವನು ಸಜ್ಜನನಾದರೆ ಅವನಿಗೆ ಯಾವ ನೋವೂ ಇಲ್ಲ. ದುರ್ಜನನಾದರೆ ಅವನ ದಾರಿಗೆ ಅರ್ಧ ಬೇಲಿ ಬಿದ್ದಂತಾಯಿತು.

ಹಳೆಯ ಕಟ್ಟಳೆ

ಅಪರಿಚಿತನಿಗೆ ಇಳಿದಾಣ ಕೊಟ್ಟವನು ಅದನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬುದು ಈಚಿನ ಪೊಲೀಸರು ಹುಟ್ಟಿಸಿದ ತೊಂದರೆಯೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕೈಗೆ ಬಂದು, ಅವರಿಂದ ೧೯೦೯ರಲ್ಲಿ ಮುದ್ರಣಗೊಂಡು ಲೋಕಕ್ಕೆಲ್ಲ ಪರಿಚಿತವಾದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದುಂಟು. ಧರ್ಮಛತ್ರದವರು ತಮ್ಮಲ್ಲಿಗೆ ಬಂದ ದಾರಿಗರ ವಿಷಯವನ್ನು ತಿಳಿಸಿ ಇಳಿಸಿಕೊಳ್ಳಬೇಕು. ಕುಶಲಕರ್ಮಿಗಳು ತಮ್ಮ ಕಸುಬಿನವರನ್ನು ತಮ್ಮ ಹೊಣೆಯ ಮೇಲೆ ಇಟ್ಟುಕೊಳ್ಳಬಹುದು. ಮನೆಯ ಯಜಮಾನನು ತನ್ನ ಮನೆಗೆ ಬಂದವರನ್ನೂ ಮನೆಯಿಂದ ಹೋದವರನ್ನೂ ತಿಳಿಸಬೇಕು ಎಂದು ಅಲ್ಲಿ ಕಟ್ಟಳೆಯಿದೆ. ತಿಳಿಸದಿದ್ದ ರಾತ್ರಿ ಅಪರಾಧವೇನಾದರೂ ನಡೆದರೆ ಆ ದೋಷಕ್ಕೆ ಯಜಮಾನನೂ ಪಾಲುಗಾರ. ಏನೂ ನಡೆಯದೆ ರಾತ್ರಿ ಕ್ಷೇಮವಾಗಿ ಕಳೆದರೂ ಅವನು ಮೂರು ಪಣ ದಂಡ ತೆರಬೇಕು.

ಈ ಕೊನೆಯ ಮಾತನ್ನು ವಾಚಕರು ಸ್ವಲ್ಪ ವಿಚಾರಿಸಬೇಕು. ಏನೂ ನಡೆಯಲಿಲ್ಲವಲ್ಲ ಎಂಬ ಸಮಾಧಾನವನ್ನು ಆ ಶಾಸ್ತ್ರಕಾರನು ಒಪ್ಪಲಿಲ್ಲ. ಎಚ್ಚರ ತಪ್ಪಿದ್ದೇ ತಪ್ಪು. ಫಲ ಏನಾಯಿತೆಂಬುದು ಅದೃಷ್ಟದ ಮಾತು. ನಮ್ಮಲ್ಲಿ ಕೋಣೆ ಕೊಟ್ಟವರು ಬಹು ಮಂದಿ ಇಷ್ಟು ವರ್ಷ ಯಾವ ತೊಂದರೆಯೂ ಆಗಲಿಲ್ಲವೆಂದು ಹೇಳುವುದುಂಟು. ಅವರು ಅದೃಷ್ಟದ ಮೇಲೆ ನಡೆದುಬಂದಿದ್ದಾರೆಂದು ಇದರ ಅರ್ಥವೇ ವಿನಾ ಅವರ ವ್ಯವಸ್ಥೆ ಸರಿಯಾಗಿತ್ತೆಂದಲ್ಲ.

ಎರಡು ಪ್ರಕರಣಗಳು

ಅದೃಷ್ಟ ಕೈಬಿಟ್ಟ ಸಂದರ್ಭಗಳು ನಮ್ಮ ನಾಡಿನಲ್ಲಿಯೇ ಆಗಿಹೋಗಿವೆ. ೧೯೯೧ನೆಯ ಇಸವಿ ಮೇ ೨೧ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ ಗಾಂಧಿಯವರ ಕೊಲೆಯಾಯಿತು. ಆ ಕೃತ್ಯವನ್ನು ನಡೆಸಿದ ತಂಡದ ಮುಂದಾಳು ಶಿವರಾಸನ್ ಎಂಬವನು ದೇಶದ ಪೊಲೀಸರೆಲ್ಲ ಹುಡುಕುತ್ತಿದ್ದಾಗ ಅಡಗಿ ಕುಳಿತದ್ದು ಕಾಡಿನಲ್ಲಲ್ಲ. ಬೆಂಗಳೂರಿನ ಹೊರವಲಯದಲ್ಲಿದ್ದ ಕೋಣನಕುಂಟೆಯ ಒಂದು ಬಾಡಿಗೆಯ ಮನೆಯಲ್ಲಿ. ಆಗಸ್ಟ್ ೨೦ರ ಬೆಳಗ್ಗೆ ಪಡೆಯವರು ಒಳಹೊಕ್ಕಾಗ ಅವನೂ ಸೇರಿ ಏಳು ಮಂದಿ ಹೆಣವಾಗಿ ಬಿದ್ದಿದ್ದರು. ಅದೇ ಕಾಲದಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿಯೂ ಆ ಸಂಘಟನೆಯವರು ಮನೆ ಹಿಡಿದು ನೆಲಸಿದ್ದುದು ಬಯಲಾಯಿತು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಅಲ್ಲಿಗೆ ಅಂಥವರು ಬರಲಾರರೆಂಬ ನಂಬಿಕೆ ಅಂದೇ ಮುರಿದುಬಿದ್ದಿತು.

ಎರಡನೆಯದು ಈಚಿನದು. ೨೦೨೨ನೆಯ ಇಸವಿ ನವೆಂಬರ್ ೧೯ರಂದು ಮಂಗಳೂರಿನಲ್ಲಿ ಆಟೋ ರಿಕ್ಷಾದೊಳಗೆ ಕುಕ್ಕರಿನಲ್ಲಿಟ್ಟಿದ್ದ ಸಿಡಿಮದ್ದು ಸಿಡಿದು, ಬಡ ಚಾಲಕನೂ ಪ್ರಯಾಣಿಕನೂ ಸುಟ್ಟ ಗಾಯಗಳಿಗೆ ಒಳಗಾದರು. ಆ ಪ್ರಯಾಣಿಕನೇ ಆರೋಪಿಯೆಂದೂ, ಅವನು ಅದಕ್ಕೆ ಮುಂಚೆ ಮೈಸೂರಿನ ಲೋಕನಾಯಕನಗರದಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಿದ್ದನೆಂದೂ, ಆ ಕೋಣೆಯಲ್ಲಿ ಸಿಡಿಮದ್ದಿನ ಸಾಮಗ್ರಿಗಳು ದೊರೆತವೆಂದೂ ತನಿಖಾಧಿಕಾರಿಗಳು ತಿಳಿಸಿದರು. ಇಲ್ಲಿ ಗಮನಿಸತಕ್ಕ ಅಂಶವಾವುದೆಂದರೆ, ಮನೆಯ ಮಾಲೀಕರು ಗುರುತಿನ ಚೀಟಿಯನ್ನು ಕೇಳದೆ ಇರಲಿಲ್ಲ. ಕೇಳಿದರು, ಬಂದವನು ಕೊಟ್ಟನು. ಅವನು ಕೊಟ್ಟದ್ದು ರೈಲ್ವೆ ನೌಕರರೊಬ್ಬರು ಕಳೆದುಕೊಂಡಿದ್ದ ಆಧಾರ್ ಕಾರ್ಡು. ತಾನು ಕಳೆದುಕೊಂಡ ಕಾರ್ಡು ಯಾರದೋ ಕೋಣೆಯ ಕರಾರಿಗೆ ಆಧಾರವಾಗಿತ್ತೆಂಬುದು ಆ ನಿರಪರಾಧಿಗೆ ತಿಳಿದದ್ದು ಪೊಲೀಸರು ವಿಚಾರಿಸಿದಾಗ.

ಇದರಿಂದ ಎರಡು ಪಾಠಗಳನ್ನು ಕಲಿಯಬೇಕು. ಕಾಗದವನ್ನು ತೆಗೆದುಕೊಂಡರೆ ಸಾಲದು, ಕಾಗದವನ್ನು ಪರೀಕ್ಷಿಸಬೇಕು ಎಂಬುದು ಒಂದು. ನಮ್ಮ ಗುರುತಿನ ಚೀಟಿ ಕಳೆದುಹೋದರೆ ಆ ದಿನವೇ ಠಾಣೆಗೆ ದೂರು ಕೊಡಬೇಕು ಎಂಬುದು ಇನ್ನೊಂದು.

ಕೇಳಬಾರದ ಪ್ರಶ್ನೆ, ಕೇಳಬೇಕಾದ ಪ್ರಶ್ನೆ

ಕೋಣೆ ನೋಡಲು ಬಂದವನಿಗೆ ನಮ್ಮ ಊರುಗಳಲ್ಲಿ ಹಾಕುವ ಮೊದಲ ಪ್ರಶ್ನೆ ಯಾವುದೆಂಬುದನ್ನು ನಾವು ಬಲ್ಲೆವು, ವಾಚಕರೂ ಬಲ್ಲರು. ನೀವು ಯಾವ ಜನ ಎಂಬುದೇ ಆ ಪ್ರಶ್ನೆ. ಉತ್ತರ ಮನಸ್ಸಿಗೆ ಬಂದರೆ ಮುಂದಿನ ಪ್ರಶ್ನೆಗಳೇ ಇಲ್ಲ. ನಮ್ಮವರೇ ಎಂದು ತಿಳಿದ ಕೂಡಲೇ ಕೆಲಸವೇನು, ಹಿಂದೆ ಎಲ್ಲಿದ್ದಿರಿ, ಏಕೆ ಬಿಟ್ಟಿರಿ ಎಂದು ಕೇಳುವುದಕ್ಕೆ ನಾಲಿಗೆ ನಾಚುತ್ತದೆ. ಉತ್ತರ ಮನಸ್ಸಿಗೆ ಬಾರದಿದ್ದರೆ, ಒಳ್ಳೆಯ ನೌಕರಿಯಲ್ಲಿರುವ ಸಭ್ಯನೂ ಕೋಣೆ ಖಾಲಿಯಿಲ್ಲ ಎಂಬ ಮಾತನ್ನು ಕೇಳಿಕೊಂಡು ಬೀದಿಗೆ ಹಿಂದಿರುಗಬೇಕು. ಇದು ಅನ್ಯಾಯವೆಂಬುದು ಒಂದು ಮಾತು. ಅಸ್ಪೃಶ್ಯತೆಯನ್ನು ರಾಜ್ಯಾಂಗದ ೧೭ನೆಯ ಅನುಚ್ಛೇದವು ತೊಡೆದುಹಾಕಿದೆ. ಆ ಕಾರಣದಿಂದ ಒಬ್ಬನಿಗೆ ವಾಸದ ಮನೆ ದೊರಕದಂತೆ ಅಡ್ಡಿಮಾಡುವುದು ೧೯೫೫ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದರೆ ಕೇವಲ ಸ್ವಹಿತವನ್ನು ನೋಡಿದರೂ ಇದು ನಿರರ್ಥಕವಾದ ಕಾವಲು. ಸ್ವಜಾತಿಯ ಕಳ್ಳನಿಗೆ ಸ್ವಜಾತಿಯ ಮನೆಯಷ್ಟು ಸುಲಭವಾದ ಮನೆ ಬೇರೊಂದಿಲ್ಲ. ಹೆಸರನ್ನು ಕದ್ದು ತರುವವನಿಗೆ ಜಾತಿಯನ್ನು ಹೇಳುವುದು ಕಷ್ಟವೇ?

ಹಾಗಾದರೆ ಕೇಳತಕ್ಕದ್ದೇನು? ನಾಲ್ಕೇ ವಿಷಯ. ಯಾರು, ಏನು ಕೆಲಸ, ಹಿಂದೆ ಎಲ್ಲಿದ್ದದ್ದು, ಜೊತೆಯಲ್ಲಿ ಯಾರಿರುತ್ತಾರೆ. ಉತ್ತರಗಳನ್ನು ನಂಬುವುದಕ್ಕೆ ಮುಂಚೆ ಬೇರೆ ದಾರಿಯಿಂದ ಸರಿನೋಡಬೇಕು. ಬಂದವನು ತಾನೇ ಕೊಟ್ಟ ಫೋನ್ ಸಂಖ್ಯೆಗೆ ಫೋನ್ ಮಾಡಿ ಮೇಲಧಿಕಾರಿಯನ್ನು ವಿಚಾರಿಸಿದರೆ ಅವನ ಸ್ನೇಹಿತನೇ ಮೇಲಧಿಕಾರಿಯಾಗಿ ಮಾತನಾಡಿಯಾನು. ಶಾಲೆಯ ಹೆಸರು ಹೇಳಿದರೆ ಶಾಲೆಗೇ ಹೋಗಿ ಕೇಳಬೇಕು. ಬ್ಯಾಂಕಿನ ಹೆಸರು ಹೇಳಿದರೆ ಬ್ಯಾಂಕಿಗೇ ಹೋಗಬೇಕು. ಕಿಬ್ಬನಹಳ್ಳಿಯಿಂದ ತಿಪಟೂರಿಗೆ ಬಸ್ಸಿನ ದಾರಿ ಎಷ್ಟು ಮಹಾ? ಹಿಂದಿನ ಮನೆಯ ಯಜಮಾನರೊಡನೆ ಎರಡು ಮಾತನಾಡಿದರೆ, ಬಾಡಿಗೆ ಸರಿಯಾಗಿ ಕೊಡುತ್ತಿದ್ದನೆ, ಕುಡಿತ ಜಗಳಗಳಿದ್ದವೆ, ಹೋಗುವಾಗ ಹೇಳಿ ಹೋದನೆ ಎಂಬುದು ತಿಳಿಯುತ್ತದೆ. ನಾಳೆಯೇ ಬರುತ್ತೇನೆ, ವಿಚಾರಿಸುವುದಕ್ಕೆ ಹೊತ್ತಿಲ್ಲ, ಬೇಕಾದರೆ ಬಾಡಿಗೆ ಇಮ್ಮಡಿ ತೆಗೆದುಕೊಳ್ಳಿ ಎನ್ನುವವನ ವಿಷಯದಲ್ಲಿ ವಿಚಾರಣೆ ಇಮ್ಮಡಿಯಾಗಬೇಕು. ಮನೆಯಲ್ಲಿ ಹೆಂಗಸರೊಬ್ಬರೇ ಇರುವಾಗ ಕೋಣೆ ತೋರಿಸುವುದೇ ಬೇಡ. ನೆರೆಯವರೊಬ್ಬರನ್ನು ಕರೆದುಕೊಂಡು, ಹಗಲಿನಲ್ಲಿ, ಹೊರಬಾಗಿಲನ್ನು ತೆರೆದಿಟ್ಟು ತೋರಿಸಬೇಕು. ನೀರು ಕೇಳುವ, ಮನೆ ನೋಡುವ ನೆಪದಿಂದ ಒಳಹೊಕ್ಕು ಒಂಟಿ ಹೆಂಗಸರನ್ನು ಕೊಂದ ಘಟನೆಗಳು ಬೆಂಗಳೂರಿನ ಸುತ್ತುಮುತ್ತ ಒಂದು ಕಾಲದಲ್ಲಿ ಜನರ ನಿದ್ದೆಗೆಡಿಸಿದ್ದನ್ನು ಯಾರೂ ಮರೆತಿಲ್ಲ.

ಗುರುತಿನ ಚೀಟಿಯ ಜೆರಾಕ್ಸ್ ಪ್ರತಿಯನ್ನು ಪಡೆದು ಡಬ್ಬಿಯಲ್ಲಿಡುವುದರಿಂದ ಪ್ರಯೋಜನವಿಲ್ಲ. ಮೂಲ ಚೀಟಿಯನ್ನು ತರಿಸಿ, ಭಾವಚಿತ್ರದ ಮುಖವನ್ನೂ ಎದುರಿನ ಮುಖವನ್ನೂ ಒಟ್ಟಿಗೆ ನೋಡಬೇಕು. ಆಧಾರ್ ಕಾರ್ಡಿನ ಮೇಲಿರುವ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದವರ ಆಪ್‌ನಿಂದ ಓದಿಸಿದರೆ ಹೆಸರೂ ಭಾವಚಿತ್ರವೂ ಪರದೆಯ ಮೇಲೆ ಬರುತ್ತವೆ. ಭಾವಚಿತ್ರವನ್ನು ಅಂಟಿಸಿ ತಿದ್ದಿದ ಕಾರ್ಡು ಅಲ್ಲಿಯೇ ಸಿಕ್ಕಿಬೀಳುತ್ತದೆ. ಮನೆಯವರಿಗೆ ಇದು ಬಾರದಿದ್ದರೆ ಊರಿನ ಯಾವ ಕಾಲೇಜು ಹುಡುಗನಿಗಾದರೂ ಬರುತ್ತದೆ. ಬಾಡಿಗೆದಾರನು ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿಯನ್ನು ಕೊಟ್ಟರೆ ಅದನ್ನು ಸಂಶಯದಿಂದ ನೋಡಬಾರದು. ಪ್ರಾಧಿಕಾರದವರೇ ಮಾಡಿಕೊಟ್ಟ ಏರ್ಪಾಡು ಅದು. ಆಧಾರ್ ಒಬ್ಬನ ಪೌರತ್ವಕ್ಕೆ ಪುರಾವೆಯಲ್ಲ, ನಡತೆಗಂತೂ ಅಲ್ಲವೇ ಅಲ್ಲ ಎಂಬುದನ್ನು ನೆನಪಿಟ್ಟುಕೊಂಡು, ಕೆಲಸದ ಸ್ಥಳದ ಗುರುತುಚೀಟಿಯನ್ನೂ ಸ್ವಂತ ಊರಿನ ವಿಳಾಸವನ್ನೂ ಅಲ್ಲಿನ ಹಿರಿಯರೊಬ್ಬರ ಫೋನ್ ಸಂಖ್ಯೆಯನ್ನೂ ಬರೆದುಕೊಳ್ಳಬೇಕು.

ಕಾಗದ ಮತ್ತು ಠಾಣೆ

ಬಾಯಿಮಾತಿನ ಬಾಡಿಗೆ ನಮ್ಮ ಹಳ್ಳಿಗಳ ಹಳೆಯ ವಾಡಿಕೆ. ನಂಬಿಕೆಯಿರುವಲ್ಲಿ ಕಾಗದವೇಕೆ ಎನ್ನುತ್ತಾರೆ. ನಂಬಿಕೆ ಕೆಡದಿರಲೆಂದೇ ಕಾಗದ. ಎಷ್ಟು ಬಾಡಿಗೆ, ಎಂದು ಕೊಡತಕ್ಕದ್ದು, ಮುಂಗಡವೆಷ್ಟು, ನೀರು ಮತ್ತು ವಿದ್ಯುತ್ತಿನ ಹಣ ಯಾರದು, ಕೋಣೆಯಲ್ಲಿ ವಾಸಿಸುವವರ ಹೆಸರುಗಳಾವುವು, ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಒಳಬಾಡಿಗೆಗೆ ಕೊಡಕೂಡದು, ವಾಸಕ್ಕಲ್ಲದೆ ಬೇರೆ ಉದ್ದೇಶಕ್ಕೆ ಬಳಸಕೂಡದು, ಇಷ್ಟನ್ನು ಛಾಪಾ ಕಾಗದದ ಮೇಲೆ ಬರೆಸಿ, ಇಬ್ಬರು ಸಾಕ್ಷಿಗಳ ರುಜು ಹಾಕಿಸಬೇಕು. ಎಲ್ಲೆಡೆಯೂ ಹನ್ನೊಂದು ತಿಂಗಳ ಕರಾರನ್ನು ಬರೆಯುವುದೇಕೆಂದು ಕೆಲವರು ಕೇಳುತ್ತಾರೆ. ೧೯೦೮ರ ನೋಂದಣಿ ಕಾಯಿದೆಯ ೧೭ನೆಯ ಪ್ರಕರಣದ ಪ್ರಕಾರ ಒಂದು ವರ್ಷವನ್ನು ಮೀರಿದ ಗೇಣಿ ಕರಾರುಗಳನ್ನು ರಿಜಿಸ್ಟರ್ ಮಾಡಿಸಲೇಬೇಕು. ಹನ್ನೊಂದು ತಿಂಗಳಿಗೆ ಆ ನಿರ್ಬಂಧವಿಲ್ಲ. ಅವಧಿ ತೀರಿದೊಡನೆ ಹೊಸ ಕರಾರನ್ನು ಬರೆಯಿಸಬೇಕೇ ಹೊರತು ಹಳೆಯದನ್ನೇ ನಂಬಿ ಕೂರಬಾರದು. ಬಾಡಿಗೆ ಪಡೆದಾಗಲೆಲ್ಲ ರಸೀತಿ ಕೊಡುವುದು ಇಬ್ಬರಿಗೂ ಕ್ಷೇಮ.

ಮುಂದಿನದು ಠಾಣೆಯ ಕೆಲಸ. ಕಿಬ್ಬನಹಳ್ಳಿಯಲ್ಲಿಯೇ ಪೊಲೀಸ್ ಠಾಣೆಯಿದೆ. ಬಾಡಿಗೆದಾರನ ಹೆಸರು, ಭಾವಚಿತ್ರ, ಸ್ವಂತ ಊರು, ಕೆಲಸ, ಬಂದ ದಿನಾಂಕ ಇವುಗಳ ಒಂದು ಪ್ರತಿಯನ್ನು ಅಲ್ಲಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬರಬೇಕು. ಜಿಲ್ಲಾ ದಂಡಾಧಿಕಾರಿಗಳು ಅಥವಾ ಪೊಲೀಸ್ ಕಮಿಷನರವರು ೨೦೨೩ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೬೩ನೆಯ ಪ್ರಕರಣದ ಮೇರೆಗೆ ಬಾಡಿಗೆದಾರರ ವಿವರ ಕೊಡಬೇಕೆಂದು ಆಜ್ಞೆ ಹೊರಡಿಸುವುದುಂಟು. ಹೊರಡಿಸಿದಾಗ ಅದನ್ನು ಮೀರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ ೨೨೩ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆವಾಸ, ೨,೫೦೦ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. ಜನರ ಪ್ರಾಣಕ್ಕೆ ಅಪಾಯ ತಟ್ಟುವಂತಿದ್ದರೆ ಶಿಕ್ಷೆ ಇದಕ್ಕೂ ಹೆಚ್ಚು. ಆಜ್ಞೆಯಿರಲಿ ಇಲ್ಲದಿರಲಿ, ವಿವರ ಕೊಟ್ಟುಬರುವುದು ಗೃಹಸ್ಥನಿಗೆ ಹಿತವೇ. ವಿವರ ಠಾಣೆಗೆ ಹೋಗುವುದೆಂದು ಕೋಣೆ ನೋಡಲು ಬಂದವನಿಗೆ ಮೊದಲೇ ಹೇಳಿದರೆ, ಮುಚ್ಚಿಡಬೇಕಾದದ್ದು ಇರುವವನು ಬಹುಮಟ್ಟಿಗೆ ಮರಳಿ ಬರುವುದಿಲ್ಲ. ವಿದೇಶೀಯನೊಬ್ಬನಿಗೆ ಕೋಣೆ ಕೊಟ್ಟರೆ ನಿಯಮ ಇನ್ನೂ ಬಿಗಿ: ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶೀಯರ ಕಾಯಿದೆಯಂತೆ ಅವನು ಬಂದ ೨೪ ಗಂಟೆಗಳೊಳಗೆ ನೋಂದಣಾಧಿಕಾರಿಗೆ ವರದಿ ಸಲ್ಲಬೇಕು.

ಫೋನಿನಲ್ಲಿ ಬರುವ ಬಾಡಿಗೆದಾರ

ಮುಖವನ್ನೇ ತೋರಿಸದೆ ಮನೆಯನ್ನು ದೋಚುವ ಹೊಸ ವಿದ್ಯೆಯೊಂದು ಈಚೆಗೆ ಹಬ್ಬಿದೆ. ಕೋಣೆ ಖಾಲಿಯಿದೆಯೆಂಬ ಜಾಹೀರಾತನ್ನು ನೋಡಿ ಒಬ್ಬನು ಫೋನ್ ಮಾಡುತ್ತಾನೆ. ತಾನು ಸೈನ್ಯದವನು, ನಿಮ್ಮ ಕಡೆಗೆ ವರ್ಗವಾಗಿದೆ, ಸಂಸಾರವನ್ನು ಕರೆತರುತ್ತೇನೆ, ನೋಡುವುದಕ್ಕೆ ರಜೆಯಿಲ್ಲ, ಮುಂಗಡವನ್ನು ಈಗಲೇ ಕಳುಹಿಸುತ್ತೇನೆ ಎನ್ನುತ್ತಾನೆ. ಸಮವಸ್ತ್ರದ ಭಾವಚಿತ್ರವನ್ನೂ ಗುರುತುಚೀಟಿಯನ್ನೂ ಕಳುಹಿಸುತ್ತಾನೆ. ಅನಂತರ ಹಣ ಬರಬೇಕಾದರೆ ಈ ಕ್ಯೂಆರ್ ಕೋಡನ್ನು ಓದಿಸಿ ಪಿನ್ ಒತ್ತಿರೆಂದು ಹೇಳುತ್ತಾನೆ. ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ. ಸೈನ್ಯದ ಮೇಲೆ ನಮ್ಮ ಜನರಿಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ಮೋಸ ಇದು. ದೊಡ್ಡ ಕಾರ್ಖಾನೆಯೊಂದು ಹತ್ತಿರದಲ್ಲಿರುವ ನಮ್ಮ ಊರುಗಳಲ್ಲಿ ಇಂಥ ಕಥೆಯನ್ನು ನಂಬುವುದು ಬೇರೆಡೆಗಿಂತ ಸುಲಭ. ಹಣವನ್ನು ಪಡೆಯುವುದಕ್ಕೆ ಯುಪಿಐ ಪಿನ್ ಎಂದಿಗೂ ಬೇಕಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ಈ ಒಂದು ಸೂತ್ರವನ್ನು ಮನೆಯ ಹಿರಿಯರಿಗೆ ಮಕ್ಕಳು ಬಾಯಿಪಾಠ ಮಾಡಿಸಬೇಕು. ಮೋಸಹೋದದ್ದು ತಿಳಿದ ಕ್ಷಣವೇ ೧೯೩೦ ಎಂಬ ಸಂಖ್ಯೆಗೆ ತಿಳಿಸಿದರೆ ಹಣವನ್ನು ದಾರಿಯಲ್ಲಿ ತಡೆಯುವ ಸಂಭವವುಂಟು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಆ ಸಂಭವವೂ ಕಳೆದುಹೋಗುತ್ತದೆ.

ಬಾಡಿಗೆದಾರನಿಗೂ ಭಯವುಂಟು

ಇಲ್ಲಿಯವರೆಗೆ ಮನೆಯವರ ಕ್ಷೇಮವನ್ನು ಹೇಳಿದೆವು. ಬಂದವರ ಕ್ಷೇಮವನ್ನು ಹೇಳದಿದ್ದರೆ ಪಕ್ಷಪಾತವಾದೀತು. ಬೀದರಿನಿಂದಲೋ ರಾಯಚೂರಿನಿಂದಲೋ ಶಾಲೆಯ ಉಪಾಧ್ಯಾಯಿನಿಯಾಗಿ ಈ ಕಡೆಗೆ ಬಂದ ತರುಣಿಗೆ ಮನೆಯ ಯಜಮಾನನೇ ಅಪರಿಚಿತ. ಅವಳು ಶಾಲೆಗೆ ಹೋದಾಗ ಬೇರೆ ಕೀಲಿಯಿಂದ ಕೋಣೆಯನ್ನು ತೆರೆಯುವುದು, ರಾತ್ರಿ ಎಷ್ಟು ಹೊತ್ತಿಗೆ ಬಂದಳೆಂದು ಊರಿಗೆಲ್ಲ ಹೇಳುವುದು, ಬಂಧುಗಳು ನೋಡಲು ಬಂದರೆ ಗೊಣಗುವುದು, ಇವು ಕಾವಲಲ್ಲ, ಹಿಂಸೆ. ಸ್ನಾನದ ಮನೆಯಲ್ಲಿಯೋ ಮಲಗುವ ಎಡೆಯಲ್ಲಿಯೋ ಗುಪ್ತ ಕ್ಯಾಮೆರಾ ಇಡುವಂಥ ನೀಚತನಕ್ಕೆ ನ್ಯಾಯ ಸಂಹಿತೆಯ ೭೭ನೆಯ ಪ್ರಕರಣವು ಮೊದಲ ಸಲವೇ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವನ್ನು ವಿಧಿಸುತ್ತದೆ. ಕೇಂದ್ರ ಸರ್ಕಾರದವರು ರಾಜ್ಯಗಳ ಅಂಗೀಕಾರಕ್ಕಾಗಿ ೨೦೨೧ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡವನ್ನು ಕೇಳಬಾರದು, ಕೋಣೆಯೊಳಗೆ ಹೋಗಬೇಕಾದರೆ ೨೪ ಗಂಟೆ ಮುಂಚೆ ತಿಳಿಸಬೇಕು, ನೀರು ವಿದ್ಯುತ್ತುಗಳನ್ನು ಕಡಿದುಹಾಕಬಾರದು ಎಂಬ ನಿಯಮಗಳಿವೆ. ಕಾನೂನಾಗುವ ತನಕ ಕಾಯದೆ ಇವನ್ನು ಮರ್ಯಾದೆಯೆಂದು ಪಾಲಿಸಿದರೆ ಸಾಕು.

ಬಾಡಿಗೆ ನಿಲ್ಲಿಸಿದವನನ್ನೂ ತೊಂದರೆ ಕೊಡುವವನನ್ನೂ ಸಾಮಾನು ಸಹಿತ ಬೀದಿಗೆ ಎಸೆಯುವುದು ಶೌರ್ಯವೆಂದು ಕೆಲವರು ತಿಳಿದಿದ್ದಾರೆ. ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೬ನೆಯ ಪ್ರಕರಣದಂತೆ, ಕಾನೂನಿನ ಮಾರ್ಗವಲ್ಲದೆ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಲ್ಲಿ ಮನೆಯ ಒಡೆತನದ ವಾದ ನಡೆಯುವುದಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯವನಿಗೆ ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೧೦೬ನೆಯ ಪ್ರಕರಣದಂತೆ ಹದಿನೈದು ದಿನಗಳ ನೋಟೀಸು ಕೊಡಬೇಕು. ಆಗಲೂ ಬಿಡದಿದ್ದರೆ ನ್ಯಾಯಾಲಯವುಂಟು. ದಾರಿ ನಿಧಾನವೆಂಬುದು ನಿಜ. ಆ ನಿಧಾನವನ್ನು ಬಲ್ಲವನು ಕೀಲಿಯನ್ನು ಕೊಡುವುದಕ್ಕೆ ಮುಂಚೆಯೇ ನಿಧಾನಿಸುತ್ತಾನೆ.

ಮನುಷ್ಯರ ಭಯಕ್ಕೆ ಮಿಗಿಲಾದ ಭಯಗಳೂ ಉಂಟು. ಹಳೆಯ ವೈರಿನ ಮೇಲೆ ಹೊಸ ಬಾಡಿಗೆದಾರ ವಿದ್ಯುತ್ ಒಲೆ ಹಚ್ಚಿದರೆ ಮೇಲೆ ಒಣಗುತ್ತಿರುವ ಕಾಯಿಯ ಸಿಪ್ಪೆಗೆ ಕಿಡಿ ಸಾಕು. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸಿನ ಗೀಸರ್ ಹಾಕಿದರೆ ವಾಸನೆಯಿಲ್ಲದ ವಿಷಾನಿಲ ತುಂಬಿ, ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ಉದಾಹರಣೆಗಳು ಬೆಂಗಳೂರಿನಲ್ಲಿ ಅನೇಕ. ಕೋಣೆಯನ್ನು ಕೊಡುವುದಕ್ಕೆ ಮುಂಚೆ ವೈರಿನವನನ್ನು ಕರೆಸುವುದೂ, ಬಚ್ಚಲಿಗೆ ಕಿಂಡಿ ಬಿಡಿಸುವುದೂ, ಅಡುಗೆಯ ಕಟ್ಟೆಯನ್ನು ಅಟ್ಟದಿಂದ ದೂರವಿಡುವುದೂ ಬಾಡಿಗೆ ಪಡೆಯುವವನ ಕರ್ತವ್ಯ.

ಅಧಿಕಾರಿಗಳಲ್ಲಿ ಬಿನ್ನಹ

ಗೃಹಸ್ಥರಿಗೆ ಇಷ್ಟು ಹೇಳಿದ ಮೇಲೆ ಅಧಿಕಾರಿಗಳಿಗೂ ಎರಡು ಮಾತು ಹೇಳುವುದು ನಮ್ಮ ಕರ್ತವ್ಯವಾಗಿದೆ. ಬಾಡಿಗೆದಾರನ ವಿವರವನ್ನು ಹಿಡಿದುಕೊಂಡು ಠಾಣೆಗೆ ಹೋದ ಎಪ್ಪತ್ತು ವರ್ಷದ ಮುದುಕಿಯನ್ನು ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿ, ನಾಳೆ ಬಾ ಎಂದು ಕಳುಹಿಸಿದರೆ ಅವಳು ನಾಳೆಯೂ ಬರುವುದಿಲ್ಲ, ಎಂದಿಗೂ ಬರುವುದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಕನ್ನಡದಲ್ಲಿ ಅಚ್ಚಾದ ಒಂದು ಪುಟದ ನಮೂನೆಯನ್ನಿರಿಸಿ, ವಾರಕ್ಕೊಂದು ದಿನ ಗಸ್ತಿನ ಪೊಲೀಸನು ಅವನ್ನು ಪಡೆದು ಮೊಹರು ಹಾಕಿಕೊಡುವಂತೆ ಏರ್ಪಡಿಸುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಹಾಗೆಯೇ, ವಿವರ ಸಂಗ್ರಹಿಸುವ ನೆಪದಲ್ಲಿ ದೂರದ ಪ್ರಾಂತಗಳಿಂದ ಬಂದ ಕೂಲಿಕಾರರನ್ನು ಹೆದರಿಸುವುದೂ, ಅವರಿಂದ ಹಣ ಕೀಳುವುದೂ ನಡೆಯಕೂಡದು. ನಮ್ಮ ಮಕ್ಕಳೂ ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕಡಲಾಚೆಯ ಊರುಗಳಲ್ಲಿ ಯಾರದೋ ಮನೆಯ ಕೋಣೆಯಲ್ಲಿ ಅಪರಿಚಿತರಾಗಿಯೇ ಇದ್ದಾರೆ. ಅಲ್ಲಿನ ಗೃಹಸ್ಥನು ಅವರನ್ನು ಹೇಗೆ ನೋಡಬೇಕೆಂದು ನಾವು ಬಯಸುತ್ತೇವೆಯೋ ಹಾಗೆ ಇಲ್ಲಿಗೆ ಬಂದವರನ್ನು ನಾವು ನೋಡಬೇಕಾದ್ದು ನ್ಯಾಯ.

ಕೋಣೆ ಖಾಲಿಯಿರುವ ಮನೆಗಳು ಕಿಬ್ಬನಹಳ್ಳಿಯ ಸುತ್ತಲಿನ ಊರುಗಳಲ್ಲಿ ಇನ್ನೂ ಹೆಚ್ಚಾಗುವುವೇ ವಿನಾ ಕಡಿಮೆಯಾಗುವಂತೆ ಕಾಣುವುದಿಲ್ಲ. ಸೂರನ್ನು ಹುಡುಕಿಕೊಂಡು ಇಳಿಯುವವರೂ ಹೆಚ್ಚಾಗುತ್ತಾರೆ. ಈ ಇಬ್ಬರ ಅಗತ್ಯಗಳು ಕೂಡುವುದು ಊರಿಗೆ ಒಳ್ಳೆಯದೇ. ಬರುವ ತಿಂಗಳ ಮೊದಲ ದಿನ ಯಾರಿಗಾದರೂ ಕೀಲಿಯನ್ನು ಕೊಡಲಿರುವ ಗೃಹಸ್ಥರು, ಅದಕ್ಕೆ ಮುಂಚೆ ಮೂರು ಕೆಲಸಗಳನ್ನು ಮುಗಿಸಿಕೊಳ್ಳಲೆಂದು ಕೇಳಿಕೊಳ್ಳುತ್ತೇವೆ: ನಡುಮನೆಯ ಬಾಗಿಲಿಗೆ ತಮ್ಮ ಕಡೆಯಿಂದ ಅಗುಳಿ, ಕೈಯಲ್ಲಿ ಬರೆದ ಕರಾರು, ಠಾಣೆಯ ಮೊಹರು ಬಿದ್ದ ಒಂದು ಪ್ರತಿ. ಇವುಗಳಿಗೆ ತಗಲುವುದು ಒಂದು ವಾರದ ಓಡಾಟ ಮಾತ್ರ.